ಕಡ ತಂದ ಗುಳಿಗೆ

ಅತ್ತೆಯ ಬಿ.ಪಿ. ಗುಳಿಗೆ ತಿಂಗಳಿಗೊಮ್ಮೆ ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹತ್ತಿರದ ಮೆಡಿಕಲ್‌ನಿಂದ ಬರುತ್ತದೆ. ಡಾಕ್ಟರ ಚೀಟಿಯ ಜೊತೆ ಖಾಲಿ ಸ್ಟ್ರಿಪ್ಪನ್ನೂ ತೋರಿಸದಿದ್ದರೆ ಅಂಗಡಿಯವರು ಕೊಡುವುದಿಲ್ಲ. ಈ ಕಟ್ಟುನಿಟ್ಟಿಗೆ ನಾನು ಸಾಕಷ್ಟು ಗೊಣಗಿದ್ದೇನೆ. ಹೋದ ತಿಂಗಳಂತೂ ಸ್ಟಾಕೇ ಇರಲಿಲ್ಲ. "ನಾಳಿ ಸಂಜಿಗೆ ಬರ್ರಿ ಅಕ್ಕಾರ," ಅಂದರು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟುಹೋದೆ. ಅತ್ತೆ ಸುಮ್ಮನೆ ಕೂತಾರೆಯೇ? ನಮ್ಮ ಓಣಿಯಲ್ಲಿ ಹೆಪ್ಪು, ಚಹಾಪುಡಿ, ಗುಳಿಗೆ ಎಲ್ಲವೂ ಕಡ ಸಿಗುತ್ತವೆ. ಪಕ್ಕದ ಮನೆಯ ಮೆಕ್ಯಾನಿಕ್ಕಿನ ಹೆಂಡತಿಗೂ ಬಿ.ಪಿ. ಇದೆ, ಜೊತೆಗೆ ಸಕ್ಕರೆ ಕಾಯಿಲೆ. ಅವಳಿಂದ ಒಂದು ತುಂಡು ಸ್ಟ್ರಿಪ್ ಇಸಿದುಕೊಂಡಿದ್ದರು. ಸಂಜೆ ನಾನು ಬಾಗಿಲಿಗೆ ಬಂದದ್ದೇ ತಡ, ಅದರಿಂದ ಒಂದು ಗುಳಿಗೆ ಕತ್ತರಿಸಿ ಕೈಗಿಟ್ಟರು. "ನನ್ನ ಗುಳಿಗಿ ಜೋಡಿ ಇಂಥದ್ದೂ ತಗೊಂಬಾ. ಕಡ ತಂದಿದ್ದು ತೀರಿಸಬೇಕು."

ಅಂಗಡಿಯವರು ಅತ್ತೆಯ ಗುಳಿಗೆ ಕೊಟ್ಟರು. ಆ ತುಂಡನ್ನು ಮಾತ್ರ ತಿರುಗಿಸಿ ನೋಡಿ, "ಇದು ಯಾರಿಗ್ರಿ?" ಅಂದರು.

"ನಮ್ಮತ್ತಿಗೇ. ಬೆಳಿಗ್ಗೆ ಕಡ ತಂದಾರ."

"ಅಯ್ಯಯ್ಯ! ಇದು ಸಕ್ಕರಿ ಕಾಯಿಲಿ ಗುಳಿಗಿ. ಸಕ್ಕರಿ ಇಲ್ಲದೋರು ನುಂಗಿದ್ರ ಎಚ್ಚರ ತಪ್ತೈತಿ. ಮೊದಲು ಮನಿಗೆ ಫೋನ್ ಹಚ್ರಿ. ನುಂಗಿದ್ರ ಸೀದಾ ದವಾಖಾನಿಗೆ ಕರಕೊಂಡು ಹೋಗ್ರಿ."

ಫೋನ್ ಹಚ್ಚಿದರೆ ಬರೀ ರಿಂಗು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತಲ್ಲ ಶಿವನೇ! ಆಟೋದಲ್ಲಿ ಕೂತವಳು ಕೈಯಲ್ಲಿದ್ದ ಚೀಲವನ್ನು ಹಿಂಡುತ್ತಲೇ ಇದ್ದೆ. ಈ ಮುದುಕಿಗೆ ಏನಾದರೂ ಆದರೆ ನಾನು ದಿನಾ ಯಾರ ಜೊತೆ ಜಗಳಾಡಲಿ?

ಮನೆಗೆ ಬಂದರೆ ಅತ್ತೆ ಕಟ್ಟೆಯ ಮೇಲೆ ಕೂತು, ಬದನೆಕಾಯಿ ಬಾಡಿದೆ ಎಂದು ತರಕಾರಿಯವಳ ಗ್ರಹಚಾರ ಬಿಡಿಸುತ್ತಿದ್ದರು.

"ಅತ್ತೀ, ಆ ಗುಳಿಗಿ ನುಂಗಿದ್ರೇನು?"

"ಇಲ್ಲ."

"ಖರೇ ಹೇಳ್ರಿ!"

"ಇಲ್ಲ ಅಂದ್ರ ಇಲ್ಲ. ನೀ ಕೈಯಾಗ ಕೊಡದ ಗುಳಿಗಿ ನಾ ಯಾವತ್ತರ ನುಂಗೀನೇನು? ನೀ ಬಂದು ಕೊಡ್ತಿ ಅಂತ ದಾರಿ ಕಾದೆ. ನೀ ನೋಡಿದ್ರ ಬಂದಕೂಡ್ಲೇ ಗಡಬಡಿಸಿ ಓಡಿದಿ."

ಹೋದ ಜೀವ ಬಂತು. ಅಲ್ಲೇ ಅವರ ಪಕ್ಕ ಕುಸಿದು ಕೂತು ಗೊಳೋ ಎಂದು ಅತ್ತುಬಿಟ್ಟೆ. ಮದುವೆಯಾಗಿ ಬಂದಾಗಿನಿಂದ ನನ್ನ ಒಂದು ಸಾರನ್ನೂ ಚಲೋ ಐತಿ ಅನ್ನದ ಹೆಂಗಸು, ತನ್ನ ಜೀವವನ್ನು ನನ್ನ ಕೈಗೆ ಬಿಟ್ಟು ಕೂತಿದ್ದಳು. ತರಕಾರಿಯವಳು ಬುಟ್ಟಿ ಎತ್ತುವುದನ್ನೂ ಮರೆತು ನಮ್ಮಿಬ್ಬರನ್ನೇ ನೋಡುತ್ತಿದ್ದಳು.

ಅಂಗಡಿಯವರಿಗೆ ಫೋನ್ ಮಾಡಿ, ಏನೂ ಆಗಿಲ್ಲವೆಂದು ಹೇಳಿದೆ. ಇವತ್ತಿನ ಗುಳಿಗೆ ಈಗ ಕೊಡಬಹುದೇ ಎಂದೂ ಕೇಳಿದೆ. "ಕೊಡ್ರಿ ಅಕ್ಕಾರ," ಎಂದು ಅವರೂ ಉಸಿರು ಬಿಟ್ಟರು. ಹೊಸ ಸ್ಟ್ರಿಪ್ಪಿನಿಂದ ಒಂದು ಬಿಡಿಸಿ ಕೊಟ್ಟೆ. ಅತ್ತೆ ಅದರ ಕಡೆ ನೋಡಲೂ ಇಲ್ಲ, ಬಾಯಿಗೆ ಹಾಕಿಕೊಂಡು ನೀರಿಗೆ ಕೈ ಚಾಚಿದರು.