ಗೌರತ್ತಿಯ ಕಿವಿ ಸರಿಯಾಗಿಯೇ ಇತ್ತು

ನನ್ನ ಸೋದರತ್ತೆ ಗೌರವ್ವನ ಕಿವಿ ಕೆಟ್ಟಿಲ್ಲ. ತಲೆಯೂ ಕೆಟ್ಟಿಲ್ಲ. ಕೆಟ್ಟಿದೆ ಎಂದು ಅವಳನ್ನು ನಂಬಿಸಿದವನು ನಾನು. ಮೂರು ವರ್ಷ ಅವಳು ಹಾಗೆಂದೇ ತಿಳಿದು ಬದುಕಿದಳು. ಆ ಮೂರು ವರ್ಷವೂ ನಾನು ವಾರಕ್ಕೊಮ್ಮೆ ಸಂಪಗಾಂವಿಗೆ ಹೋಗಿ, ಅವಳ ಕೈಯ ಚಹಾ ಕುಡಿದು, ಬಾಯಿ ಒರೆಸಿಕೊಂಡು ಬಂದೆ. ಗಂಟಲಲ್ಲಿ ಇಳಿಯಿತು ಆ ಚಹಾ — ಅದನ್ನು ನೆನೆದರೇ ನಾಚಿಕೆಯಾಗುತ್ತದೆ.

ಬೈಲಹೊಂಗಲದಲ್ಲಿ ನನ್ನದು ಆಂಪ್ಲಿಫೈಯರ್, ಮೈಕು, ಸ್ಪೀಕರ್ ರಿಪೇರಿಯ ಅಂಗಡಿ. ಮಠದ ಕಾರ್ಯಕ್ರಮಕ್ಕೆ ಸ್ಪೀಕರ್ ಎಲ್ಲಿ ಕಟ್ಟಬೇಕು, ಸಾಲೆಯ ಮೈಕು ಯಾಕೆ ಕಿರುಚುತ್ತದೆ — ದನಿಯ ವಿಷಯವೆಂದರೆ ಊರವರು ನನ್ನನ್ನೇ ಕೇಳುತ್ತಾರೆ. ಆ ಗತ್ತು ತಲೆಗೇರಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ನನ್ನ ಇನ್ನೊಂದು ಹುಚ್ಚು ಇದೆ: ಮಾಡ್ಯುಲರ್ ಸಿಂಥಸೈಜರ್. ಹೆಸರು ದೊಡ್ಡದು, ನೋಡಲು ಕಟ್ಟಿಗೆಯ ಚೌಕಟ್ಟಿನಲ್ಲಿ ಕೂಡಿಸಿದ ಸಣ್ಣ ಸಣ್ಣ ಪೆಟ್ಟಿಗೆಗಳು, ಪೆಟ್ಟಿಗೆಯ ತುಂಬ ತೂತು, ತೂತಿನಿಂದ ತೂತಿಗೆ ಬಣ್ಣಬಣ್ಣದ ವೈರು. ಅರ್ಧಕ್ಕರ್ಧ ನಾನೇ ಬೆಸುಗೆ ಹಾಕಿ ಕಟ್ಟಿದ್ದು. "ಈ ವೈರಿನ ಗೂಡಿನ್ಯಾಗ ಯಾವ ಹಕ್ಕಿ ಬಂದು ತತ್ತಿ ಇಡತೈತೋ ನೋಡೋಣು" ಎಂದು ಅವ್ವ ಛೇಡಿಸುತ್ತಿದ್ದಳು.

ಅದರಲ್ಲೊಂದು ಪೆಟ್ಟಿಗೆಯ ಮೇಲೆ ನನಗೆ ವಿಪರೀತ ಮೋಹ. ಅದು ದನಿಯನ್ನು ಹಿಡಿಯುತ್ತದೆ, ಅರೆಕ್ಷಣ ತಡೆಯುತ್ತದೆ, ಶ್ರುತಿ ಏರಿಸಿ ಮರಳಿ ಕೊಡುತ್ತದೆ. ಕೊಟ್ಟದ್ದನ್ನೇ ಮತ್ತೆ ಅದಕ್ಕೆ ಉಣಿಸಿದರೆ ದನಿ ಪ್ರತಿಸಲವೂ ಒಂದೊಂದು ಮೆಟ್ಟಿಲು ಏರುತ್ತ, ತೆಳುವಾಗುತ್ತ, ಕೊನೆಗೆ ಗುಬ್ಬಿಯ ಚಿಲಿಪಿಲಿಯಷ್ಟಾಗಿ ಕರಗುತ್ತದೆ. ನಾನು ಕೆಮ್ಮಿದರೂ ಚಂದ ಮಾಡಿ ಕೊಡುತ್ತಿತ್ತು. ಅಂಥದ್ದು ಕೈಯಲ್ಲಿದ್ದವನಿಗೆ ಸೊಕ್ಕು ಬರದೆ ಇನ್ನೇನು ಬರುತ್ತದೆ.

ಗೌರತ್ತಿ ಸೋಬಾನೆ ಪದ ಹಾಡುವವಳು. ಒಬ್ಬಳೇ ಅಲ್ಲ — ಅವಳೂ ನೀಲವ್ವನೂ ಜೋಡಿ. ಮದುವೆ, ಸೀಮಂತ, ತೊಟ್ಟಿಲು, ಸುತ್ತಲಿನ ಹತ್ತು ಊರಿನಲ್ಲಿ ಯಾವ ಶುಭಕಾರ್ಯಕ್ಕೂ ಇಬ್ಬರನ್ನೂ ಕೂಡಿಯೇ ಕರೆಯುತ್ತಿದ್ದರು. ನೀಲವ್ವ ಪದ ಹೇಳುವವಳು, ಅತ್ತೆ ಸೊಲ್ಲು ಎತ್ತುವವಳು. ಸೊಲ್ಲು ಎತ್ತುವುದೆಂದರೆ ಹೇಳಿದ್ದನ್ನೇ ಹೇಳುವುದು ಎಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಹೇಳುವವಳಿಗೆ ಉಸಿರು ಬೇಕಾಗುವ ಹೊತ್ತಿಗೆ ಸರಿಯಾಗಿ ಸಾಲಿನ ತುದಿಯನ್ನು ಅವಳ ಬಾಯಿಂದಲೇ ಇಸಿದುಕೊಂಡು ಮೇಲೆತ್ತಬೇಕು. ಹೇಳುವವಳು ಉಸಿರು ತೆಗೆದುಕೊಂಡದ್ದು ಕೂತವರಿಗೆ ತಿಳಿಯಬಾರದು, ಪದ ಎಲ್ಲಿಯೂ ಕಡಿಯಬಾರದು. ಅದಕ್ಕೇ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಕೂರುತ್ತಿದ್ದರು, ಅತ್ತೆಯ ಕಣ್ಣು ನೀಲವ್ವನ ಗಂಟಲ ಮೇಲೆಯೇ ಇರುತ್ತಿತ್ತು.

ಇಂಟರ್ನೆಟ್ಟಿನಲ್ಲಿ ಪರಿಚಯವಾದ ಗೆಳೆಯನೊಬ್ಬ, ನನ್ನಂತೆಯೇ ವೈರಿನ ಹುಚ್ಚಿನವನು, ಹಲವರ ರೆಕಾರ್ಡಿಂಗ್‌ ಕೂಡಿಸಿ ಒಂದು ಸಂಗ್ರಹ ಮಾಡುತ್ತಿದ್ದ. ನಿಮ್ಮ ಕಡೆಯ ಹಾಡೇನಾದರೂ ಇದ್ದರೆ ಕಳಿಸು ಅಂದ. ನಾನು ಇಬ್ಬರನ್ನೂ ಅಂಗಡಿಗೆ ಕರೆಸಿದೆ. ಎರಡು ದನಿ ಬೇರೆ ಬೇರೆಯಾಗಿ ಸ್ವಚ್ಛ ಬರಲಿ ಎಂದು ನೀಲವ್ವನನ್ನು ಹಿಂದಿನ ಕೋಣೆಯಲ್ಲಿ, ಅತ್ತೆಯನ್ನು ಮುಂದೆ ಅಂಗಡಿಯಲ್ಲಿ ಕೂರಿಸಿ ನಡುವಿನ ಬಾಗಿಲು ಹಾಕಿದೆ.

"ಅಕೀ ಮಾರಿ ಕಾಣದ ನಾ ಸೊಲ್ಲು ಹೆಂಗ ಎತ್ತಲೋ ಬಸೂ?" ಎಂದಳು ಅತ್ತೆ.

"ಹೆಡ್‌ಫೋನ್ ಹಾಕೇನಲ್ಲತ್ತಿ, ಅಕೀ ದನಿ ಕಿವ್ಯಾಗ ಕೇಳತೈತಿ" ಎಂದೆ. ಅವಳು ಗೋಡೆಗೆ ಮುಖ ಮಾಡಿ, ಕಣ್ಣು ಮುಚ್ಚಿ, ಒಂದು ತಾಸು ಹಾಡಿದಳು.

ಮರುದಿನ ಬೆಳಿಗ್ಗೆ ಕೇಳಿ ನೋಡುತ್ತೇನೆ — ಅತ್ತೆಯ ದನಿಯೇ ಇಲ್ಲ. ನೇರವಾಗಿ ರೆಕಾರ್ಡ್ ಮಾಡಿದ್ದರೆ ಮುಗಿಯುತ್ತಿತ್ತು. ದೊಡ್ಡಸ್ತಿಕೆಗೆ ಎಲ್ಲವನ್ನೂ ನನ್ನ ಪೆಟ್ಟಿಗೆಗಳ ಮೂಲಕ ಹಾಯಿಸಿದ್ದೆ. ಅಲ್ಲಿ ಎಲ್ಲ ತೂತುಗಳೂ ಒಂದೇ ಅಳತೆ, ಯಾವ ವೈರನ್ನು ಎಲ್ಲಿ ಬೇಕಾದರೂ ಚುಚ್ಚಬಹುದು. ತಪ್ಪಾದರೂ ಏನೂ ಸುಡುವುದಿಲ್ಲ, ಯಾರೂ ಕೂಗುವುದಿಲ್ಲ. ಅತ್ತೆಯ ಮೈಕಿನ ವೈರನ್ನು ದನಿ ಹೋಗುವ ತೂತಿನ ಬದಲು, ಪಕ್ಕದ, ತಡೆಯುವ ಹೊತ್ತನ್ನು ಹೆಚ್ಚುಕಡಿಮೆ ಮಾಡುವ ತೂತಿಗೆ ಚುಚ್ಚಿದ್ದೆ. ಒಂದು ತಾಸು ಅವಳು ಹಾಡಿದ್ದು ಯಂತ್ರದೊಳಗಿನ ಒಂದು ಲೆಕ್ಕವನ್ನು ಅಲ್ಲಾಡಿಸಿತ್ತು, ಅಷ್ಟೇ. ನೀಲವ್ವನ ಮೈಕಿನಲ್ಲಿ ಬಾಗಿಲಾಚೆಯಿಂದ ಬಂದ ಅತ್ತೆಯ ದನಿ ನೂಲಿನೆಳೆಯಷ್ಟು ಉಳಿದಿತ್ತು.

ಒಂದು ಮಾತು ಹೇಳಬಹುದಿತ್ತು — ಅತ್ತಿ, ನನ್ನಿಂದ ತಪ್ಪಾತು, ಮತ್ತೊಮ್ಮೆ ಹಾಡ್ರಿ. ಅವಳು ನಕ್ಕು ಬಂದು ಕೂರುತ್ತಿದ್ದಳು. ನೀಲವ್ವ ಕಿರಿಮಗಳ ಬಾಣಂತನಕ್ಕೆಂದು ರಾಮದುರ್ಗಕ್ಕೆ ಹೋಗಿದ್ದಳು ನಿಜ, ಆದರೆ ರಾಮದುರ್ಗವೇನು ಕಾಶಿಯೇ? ದನಿಯ ಪಂಡಿತ ಬಸವರಾಜ ವೈರು ತಪ್ಪು ಚುಚ್ಚಿದ ಎಂದು ಇಬ್ಬರು ಹೆಂಗಸರ ಮುಂದೆ ಹೇಳಿಕೊಳ್ಳುವುದು ನನ್ನಿಂದಾಗಲಿಲ್ಲ. ನೀಲವ್ವನ ದನಿಯನ್ನೇ ಆ ಪೆಟ್ಟಿಗೆಗೆ ಹಾಕಿದೆ. ತಡೆದು, ಏರಿಸಿ, ಎರಡನೆಯ ದನಿ ಮಾಡಿದೆ. ಬಾಗಿಲಾಚೆಯ ಆ ನೂಲಿನೆಳೆ ನಡುವೆ ಬಂದು ಕಿರಿಕಿರಿಯಾಗುತ್ತಿತ್ತು — ಅದನ್ನು ಕಂಪ್ಯೂಟರಿನಲ್ಲಿ ಒರೆಸಿಹಾಕಿದೆ. ಅತ್ತೆ ಆ ದಿನ ಹಾಡಿದ್ದಕ್ಕೆ ಉಳಿದಿದ್ದ ಒಂದೇ ಗುರುತು ಅದು.

ಗೆಳೆಯ ಕುಣಿದಾಡಿದ. ಆ ಎರಡನೆಯ ದನಿ ಎಂಥ ದನಿ ಮಾರಾಯ ಎಂದು ಬರೆದ. ಸಂಗ್ರಹದಲ್ಲಿ ಹೆಸರು ಹಾಕಿಸಿದೆ: ಹಾಡಿದವರು ನೀಲವ್ವ, ಗೌರವ್ವ. ರಾಮದುರ್ಗದಲ್ಲಿ ನೀಲವ್ವ ಅದನ್ನು ಫೋನಿನ ಸಣ್ಣ ಸ್ಪೀಕರಿನಲ್ಲಿ ಕೇಳಿ ಛಲೋ ಆಗೇತಿ ಅಂದಳಂತೆ. ನನಗೆ ಧೈರ್ಯ ಬಂತು. ಒಳ್ಳೆಯ ಸ್ಪೀಕರ್ ಹೊತ್ತುಕೊಂಡು ಹೋಗಿ ಅತ್ತೆಯ ಪಡಸಾಲೆಯಲ್ಲಿ, ಸೊಸೆ ಸುಮಾ ಮತ್ತು ಓಣಿಯ ಹೆಂಗಸರ ಮುಂದೆ ಹಚ್ಚಿದೆ.

ಎಲ್ಲರೂ ಅತ್ತೆಯ ಮುಖವನ್ನೇ ನೋಡುತ್ತಿದ್ದರು. ಅವಳು ಮೊದಲು ನಕ್ಕಳು, ಆಮೇಲೆ ನಗು ನಿಂತಿತು, ಮುಂದೆ ಬಾಗಿ ಸ್ಪೀಕರಿಗೆ ಕಿವಿ ಕೊಟ್ಟಳು.

"ಇದು ನನ್ನ ದನಿ ಅಲ್ಲೋ ಬಸೂ. ನೀಲವ್ವ ಉಸರು ತಗೊಂಡ್ಲು, ಹಿಂದಿಂದ ಇದೂ ತಗೋತು. ನಾ ಹಂಗ ಎಂದಾದ್ರೂ ಬಿಟ್ಟೇನೇನು?"

ನೋಡಿ — ಸಂಗ್ರಹ ಕೇಳಿದವರಲ್ಲಿ ಒಬ್ಬರಿಗೂ ತಿಳಿಯದ್ದನ್ನು ಅವಳು ಒಂದೇ ಸಲಕ್ಕೆ ಹಿಡಿದಿದ್ದಳು. ಪೆಟ್ಟಿಗೆ ನೀಲವ್ವನ ದನಿಯ ಜೊತೆಗೆ ಉಸಿರನ್ನೂ ಏರಿಸಿ ಮರಳಿ ಕೊಟ್ಟಿತ್ತು. ಇಷ್ಟು ವರ್ಷ ದನಿಯೊಡನೆ ಬಾಳಿದ ನನಗೇ ಹೊಳೆಯದ ಹುಳುಕು ಅದು. ಅಷ್ಟೂ ಹೆಂಗಸರು ನನ್ನ ಕಡೆ ತಿರುಗಿದರು. ಆಗ ನನ್ನ ಬಾಯಿಂದ ಬಂದ ಮಾತು —

"ನಿಂದ ದನಿ ಐತತ್ತಿ. ನಿನ್ನ ಕಿವಿಗೆ ವಯಸ್ಸಾಗೇತಿ, ಅದಕ್ಕ ಗುರ್ತ ಸಿಗವಲ್ದು."

ಯಾರೋ ನಕ್ಕರು. ನಾನೂ ನಕ್ಕೆ. ಅತ್ತೆ ಸ್ಪೀಕರಿನಿಂದ ಹಿಂದೆ ಸರಿದು ಕೂತಳು. ಅವಳು ವಾದ ಮಾಡಿದ್ದರೆ ನಾನು ಸೋಲುತ್ತಿದ್ದೆ. ಮಾಡಲಿಲ್ಲ — ದನಿ ಕಲಿತವನು ತನ್ನ ಅಣ್ಣನ ಮಗ, ಅವನು ಹೇಳಿದ ಮೇಲೆ ಮುಗಿಯಿತು ಎಂದು ನಂಬಿದಳು.

ಮುಂದಿನ ಮದುವೆಗೆ ಕರೆ ಬಂದಾಗ ಅವಳು ಹೋದಳು, ಹಾಡಲಿಲ್ಲ. "ತನ್ನ ದನಿ ತನಗ ಗುರ್ತ ಸಿಗದಾಕಿ ಮಂದಿ ಸೊಲ್ಲು ಹೆಂಗ ಎತ್ತಬೇಕು" ಎಂದಳಂತೆ. ನಾನು ಅದನ್ನು ಮುನಿಸು ಅಂದುಕೊಂಡೆ, ನಾಲ್ಕು ದಿನಕ್ಕೆ ಹೋಗುತ್ತದೆ ಅಂದುಕೊಂಡೆ. ಹೋಗಲಿಲ್ಲ. ಸುಮಾ ಫೋನ್ ಮಾಡಿ, ಅತ್ತಿ ಒಂದ ಸವನ ಕಿವೀದು ಚಿಂತಿ ಮಾಡಾಕ ಹತ್ಯಾರ ಅಂದಾಗ, ಬೆಳಗಾವಿಯ ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವನೂ ನಾನೇ.

ಹೌದು, ನಾನೇ ಹೋದೆ. ಅವಳ ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ಪರೀಕ್ಷೆ ಮಾಡಿದ ಡಾಕ್ಟರು, ಈ ವಯಸ್ಸಿಗೆ ಇಷ್ಟು ಚೊಕ್ಕ ಕಿವಿ ಅಪರೂಪ ಎಂದರು. ನಾನು ಇದಕ್ಕೆ ಅವಳು ಸಂತೋಷಪಡುತ್ತಾಳೆ ಎಂದು ಕಾದೆ. ಅವಳು ಅಳಲು ಶುರುಮಾಡಿದಳು. "ಕಿವಿ ಛಲೋ ಅದಾವಂದ್ರ ತಲೀನ ಹೋಗೇತ್ರಿ ಸಾಹೇಬ್ರ" ಎಂದಳು. ಅವಳ ತಾಯಿ, ನನ್ನ ಅಜ್ಜಿ, ಕೊನೆಯ ವರ್ಷಗಳಲ್ಲಿ ಹೆತ್ತ ಮಕ್ಕಳನ್ನೇ ಮರೆತಿದ್ದಳು. ಆ ಅಜ್ಜಿಗೆ ಉಣಿಸಿ, ಎರೆದು, ಮಲಗಿಸಿದವಳು ಗೌರತ್ತಿ. ಆ ದಾರಿ ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಗೊತ್ತಿತ್ತು. ಡಾಕ್ಟರು ಸಮಾಧಾನ ಹೇಳಿದರು: ರೆಕಾರ್ಡ್ ಮಾಡಿದ ತಮ್ಮ ದನಿ ಎಲ್ಲರಿಗೂ ಬೇರೆಯಾಗಿಯೇ ಕೇಳಿಸುತ್ತದೆ. ಒಳ್ಳೆಯ ಮಾತೇ. ನನಗೂ ಅದು ಒಳ್ಳೆಯದೇ ಆಯಿತು — ತಲೆಯಾಡಿಸಿದೆ. ಪಕ್ಕದಲ್ಲಿ ಕೂತು ತಲೆಯಾಡಿಸಿದೆ.

ಅಲ್ಲಿಂದ ಅವಳು ತಾನಾಗಿಯೇ ಒಂದೊಂದನ್ನೇ ಬಿಡತೊಡಗಿದಳು. ತಿಜೋರಿಯ ಕೀಲಿ ಸುಮಾಳ ಕೈಗೆ ಕೊಟ್ಟಳು. ಒಬ್ಬಳೇ ಬೈಲಹೊಂಗಲದ ಸಂತೆಗೆ ಬರುವುದನ್ನು ನಿಲ್ಲಿಸಿದಳು. ಸಾರಿಗೆ ಉಪ್ಪು ಹಾಕಿ, ಹಾಕಿದೆನೇನು ಎಂದು ಕೇಳುತ್ತಿದ್ದಳು. ಹಾಕಿರುತ್ತಿದ್ದಳು. ಯಾವಾಗಲೂ ಸರಿಯಾಗಿಯೇ ಹಾಕಿರುತ್ತಿದ್ದಳು.

ಹೋದ ತಿಂಗಳು ನೀಲವ್ವನ ಮೊಮ್ಮಗಳ ಮದುವೆ. ನೀಲವ್ವ ಒಬ್ಬಳೇ ಪದ ಹೇಳಿದಳು. ಉಸಿರು ತೆಗೆದುಕೊಂಡಲ್ಲೆಲ್ಲ ಪದ ಕಡಿಯುತ್ತಿತ್ತು, ಕಡಿದಾಗಲೆಲ್ಲ ಕೂತ ಹೆಂಗಸರು ಹಿಂದೆ ತಿರುಗಿ ಅತ್ತೆಯನ್ನು ನೋಡುತ್ತಿದ್ದರು. ಅವಳು ತಲೆ ತಗ್ಗಿಸಿ ಸೀರೆಯ ಸೆರಗನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಎರಡು ದಿನ ಬಿಟ್ಟು ದನಿ ಏರಿಸುವ ಆ ಪೆಟ್ಟಿಗೆಯನ್ನೇ ಹೊತ್ತುಕೊಂಡು ಸಂಪಗಾಂವಿಗೆ ಹೋದೆ. ಅತ್ತೆಗೆ ಮೊದಲು ಬರೇ ನೀಲವ್ವನ ದನಿ ಕೇಳಿಸಿದೆ. ಆಮೇಲೆ ಅವಳ ಕಣ್ಣ ಮುಂದೆಯೇ ವೈರು ಚುಚ್ಚಿ, ಗುಂಡಿ ತಿರುಗಿಸಿ, ಎರಡನೆಯ ದನಿಯನ್ನು ಎಬ್ಬಿಸಿದೆ. ಎಲ್ಲವನ್ನೂ ಹೇಳಿದೆ, ಒರೆಸಿಹಾಕಿದ್ದನ್ನೂ ಹೇಳಿದೆ. ಬೈಯುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ — ಹೊಡೆದಿದ್ದರೆ…

"ನೀ ಸುಳ್ಳ ಹೇಳಿದ್ದು ಇರ್ಲಿ" ಎಂದಳು. "ನಾ ಡಾಕ್ಟರ ಮುಂದ ಅಳೂಮುಂದ ನೀ ನನ್ನ ಬಾಜೂಕ ಕುಂತಿದ್ದಿ. ನೋಡಕೋತ ಕುಂತಿದ್ದಿ."

"ಕುಂತಿದ್ದೆ ಅತ್ತಿ."

ಅವಳು ಬೆರಳು ಮಡಚಿ ಹೆಸರು ಹೇಳತೊಡಗಿದಳು. ಸುಮಾ, ನೀಲವ್ವ, ಪಡಸಾಲೆಯಲ್ಲಿ ನಕ್ಕ ಓಣಿಯವರು, ಸವದತ್ತಿಯ ಬೀಗತಿ — ತನ್ನ ತಲೆ ಹೋಗಿದೆ ಎಂದು ಯಾರ ಯಾರ ಮುಂದೆ ತಾನು ಬಾಯಿಬಿಟ್ಟು ಹೇಳಿಕೊಂಡಿದ್ದಳೋ ಅವರು. ಹನ್ನೊಂದು ಹೆಸರು. ಒಂದೂ ಮರೆತಿರಲಿಲ್ಲ. "ನನಗ ಹೇಳಿದ್ರ ಮುಗೀಲಿಲ್ಲ. ಇವರೆಲ್ಲಾರ ಮನೀಗೆ ಹೋಗಿ ಹೇಳು" ಎಂದಳು.

ಹೋಗುತ್ತಿದ್ದೇನೆ. ಸುಮಾ ಕೇಳಿ ಅತ್ತಳು, ಒಳಗೆ ಹೋಗಿ ತಿಜೋರಿಯ ಕೀಲಿ ತಂದು ಅತ್ತೆಯ ಮುಂದಿಟ್ಟಳು. ನೀಲವ್ವ ನನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. "ಅಲ್ಲೇ ನಿಂತ ಹೇಳು" ಎಂದಳು. ಕೇಳಿ, "ನನ್ನ ದನಿಗೆ ಅಕೀ ಹೆಸರಿಟ್ಟಿ, ಅಕೀ ದನಿ ಒರಿಸಿ ಹಾಕಿದಿ. ನಿನ್ನಂಥ ಶ್ಯಾಣ್ಯಾನ್ನ ನಾ ಕಂಡಿಲ್ಲಪಾ" ಎಂದು ಬಾಗಿಲು ಹಾಕಿಕೊಂಡಳು. ಗೆಳೆಯನಿಗೂ ಬರೆದೆ, ಸಂಗ್ರಹದಿಂದ ಅದನ್ನು ತೆಗೆಸಿದೆ. ಅತ್ತೆ ಮತ್ತೆ ಹಾಡುತ್ತಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಕೇಳುವ ಮುಖ ನನಗಿಲ್ಲ.

ಹತ್ತು ಮನೆ ಮುಗಿದವು. ಹನ್ನೊಂದನೆಯ ಹೆಸರು ಹೂಲಿಯ ಪಾರವ್ವನದು, ಅತ್ತೆಯ ಚಿಕ್ಕಂದಿನ ಗೆಳತಿ. ಹೋದ ಶ್ರಾವಣದಲ್ಲಿ ತೀರಿಕೊಂಡಳು. ಆ ಬೆರಳು ಮಡಚುವಾಗ ಅತ್ತೆ ನನ್ನ ಮುಖ ನೋಡಿದಳು. "ಕಡೀಸಲ ಬಂದಾಗ ಪಾರವ್ವ ನನ್ನ ಕೂಡ ಸಣ್ಣ ಕೂಸಿನ ಕೂಡ ಮಾತಾಡಿಧಂಗ ಮಾತಾಡಿದ್ಲು. ನನ್ನ ಹೆಸರು ಏನ ಹೇಳು ನೋಡೋಣ ಗೌರಾ, ಅಂತ ಕೇಳಿದ್ಲು. ಅಕೀಗೆ ಹೆಂಗ ಹೇಳ್ತಿ?" ಎಂದಳು.

ಪಾರವ್ವ ತನ್ನ ಗೆಳತಿಗೆ ಅರಳುಮರಳು ಎಂದೇ ತಿಳಿದು ಹೋದಳು. ಅದನ್ನು ಅವಳಿಗೆ ತಿದ್ದಿ ಹೇಳುವ ದಾರಿ ನನ್ನ ಬಳಿ ಇಲ್ಲ.