ಮೊದಲು ಯಾರು ಫೋನ್ ಮಾಡಬೇಕು?

ಬೆಳಕು ಹರಿಯುವ ಹೊತ್ತು. ಸಚಿವಾಲಯದ ನೆಲಮಾಳಿಗೆಯ ಕೋಣೆಯಲ್ಲಿ ಆಪರೇಟರಮ್ಮ ಹಳೆಯ ಫೋನನ್ನು ಬಟ್ಟೆಯಿಂದ ಒರೆಸುತ್ತಾರೆ, ಗಂಟಲು ಸರಿಮಾಡಿಕೊಂಡು ರಿಸೀವರ್ ಎತ್ತುತ್ತಾರೆ. "ಲೈನ್ ಸರಿಯಿದೆಯಾ?" "ಸರಿಯಿದೆ." ಇಷ್ಟೇ. ಈ ಎರಡು ಮಾತಿಗಾಗಿ ಅವರು ದಿನವೂ ನಸುಕಿನಲ್ಲೆದ್ದು ಮೊದಲ ಬಸ್ಸು ಹಿಡಿಯುತ್ತಾರೆ. "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನನ್ನ ಒಂದು ದಿನ ಹೀಗೆ ವಿಚಾರಿಸಿದ್ದೀಯಾ?" ಎಂದು ಗಂಡ ರೇಗಿಸುತ್ತಾರಂತೆ.

ತಂತಿಯ ಆ ತುದಿಯಲ್ಲಿರುವುದು ನೆರೆಯ ದೇಶ. ಗಡಿಯಲ್ಲಿ ಯಾರೋ ದಾರಿ ತಪ್ಪಿದರೆ, ಎಲ್ಲೋ ಒಂದು ಗುಂಡು ಹಾರಿದರೆ, ಮಾತು ಮಿತಿಮೀರುವ ಮೊದಲೇ ದೊಡ್ಡವರು ಮಾತಾಡಿಕೊಳ್ಳಲಿ ಎಂದು ಎಳೆದ ತಂತಿ ಅದು. ಅದಕ್ಕೆ ಜೀವ ಇದೆಯೇ ಎಂದು ನೋಡುವುದು ಆಪರೇಟರಮ್ಮನ ಕೆಲಸ. ಸೂರ್ಯ ಮೊದಲು ಕಾಣುವುದು ನಮಗೆ, ಹಾಗಾಗಿ ಮೊದಲು ಫೋನ್ ಮಾಡುವವರೂ ನಾವೇ. ಎಲ್ಲೂ ಬರೆದಿಡದ ರೂಢಿ ಇದು.

ಆ ಕಡೆ ಬಹಳ ವರ್ಷ ಒಬ್ಬರೇ ಫೋನ್ ಎತ್ತುತ್ತಿದ್ದರು. ಗಡಿ ಎಳೆದವರಿಗೆ ಭಾಷೆಯನ್ನು ಎರಡು ಮಾಡಲಾಗಿರಲಿಲ್ಲ. ಮುಖ ನೋಡದ ಇಬ್ಬರೂ ಅಣ್ಣ, ತಂಗಿ ಎಂದು ಕರೆದುಕೊಂಡರು. ಲೈನ್ ಸರಿಯಿದೆ ಎಂದಾದ ಮೇಲೆ ಕೆಮ್ಮು ಹೇಗಿದೆ, ಮಗಳ ಪರೀಕ್ಷೆ ಏನಾಯಿತು ಎಂದು ಒಂದೆರಡು ಮಾತು. ನಿಯಮದ ಪ್ರಕಾರ ತಪ್ಪೇ. ಅಧಿಕಾರಿಗಳು ಕಂಡೂ ಕಾಣದಂತಿದ್ದರು.

ಅಷ್ಟರಲ್ಲಿ ಚುನಾವಣೆ ಬಂತು. ನಮ್ಮದು ಅತ್ತ ದೊಡ್ಡದೂ ಅಲ್ಲದ, ಇತ್ತ ಚಿಕ್ಕದೂ ಅಲ್ಲದ ದೇಶ. ಬಲಾಢ್ಯರ ಮುಂದೆ ದನಿಯೇರಿಸುವ ಧೈರ್ಯ ನಮ್ಮ ನಾಯಕರಿಗಿಲ್ಲ. ಮತ ಬೇಕಾದಾಗ ಪೌರುಷವೆಲ್ಲ ಪಕ್ಕದ ಮನೆಯ ಮೇಲೆ. "ದಿನಾ ಬೆಳಗ್ಗೆ ನಾವೇ ಮೊದಲು ಫೋನ್ ಮಾಡಬೇಕೇ? ಇದು ಮಾನಗೇಡಲ್ಲವೇ?" ಎಂದು ವಿರೋಧ ಪಕ್ಷದವರೊಬ್ಬರು ಸಭೆಯಲ್ಲಿ ಮೇಜು ಕುಟ್ಟಿದರು. ಸರ್ಕಾರಕ್ಕೆ ಎದೆ ಝಲ್ಲೆಂದಿತು. ಮಧ್ಯಾಹ್ನದೊಳಗೆ ಆದೇಶ ಬಂತು: ಅವರೇ ಮಾಡಿದರೆ ಎತ್ತಿ, ನೀವಾಗಿ ಮಾಡಬೇಡಿ. ಆ ಕಡೆಯೂ ಚುನಾವಣೆ ಹತ್ತಿರವಿತ್ತು, ಅಲ್ಲೂ ಇದೇ ಆದೇಶ.

ಅಂದು ಬೆಳಗ್ಗೆಯಷ್ಟೇ ಆಪರೇಟರಮ್ಮ ಒಂದು ಮಾತು ಕೊಟ್ಟಿದ್ದರು. "'ನಾಳೆ ನಿಮ್ಮ ಅತ್ತಿಗೆಗೆ ಆಪರೇಷನ್ ತಂಗಿ, ಕೈಕಾಲೇ ಆಡ್ತಿಲ್ಲ' ಅಂದ್ರು. 'ಏನೂ ಆಗಲ್ಲ ಅಣ್ಣ, ನಾಡಿದ್ದು ಫೋನ್ ಮಾಡಿದ ತಕ್ಷಣ ಅದನ್ನೇ ಕೇಳ್ತೀನಿ' ಅಂದೆ."

ಕೇಳಲಾಗಲಿಲ್ಲ. ದಿನವೂ ಬಂದು ಫೋನಿನ ಮುಂದೆ ಕೂತರು, ಅದು ಬಡಿದುಕೊಳ್ಳಲಿಲ್ಲ. ಒಂದೇ ಸಲ ಫೋನ್ ಮಾಡಲೇ ಎಂದು ಮೇಲಧಿಕಾರಿಯನ್ನು ಅಂಗಲಾಚಿದರು. "ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಅಮ್ಮ, ಓಟಿನ ಎಣಿಕೆ ಮುಗೀಲಿ" ಎಂದು ಅವರು ಕೈಮುಗಿದರು. ತಾವೇ ಫೋನ್ ಮಾಡಿಬಿಡಬಹುದಿತ್ತಲ್ಲ ಎಂದರೆ ಆಪರೇಟರಮ್ಮ ತಲೆ ತಗ್ಗಿಸುತ್ತಾರೆ. "ರಿಸೀವರ್ ಮೇಲೆ ಕೈ ಇಡ್ತಿದ್ದೆ. ಎತ್ತೋಕೆ ಧೈರ್ಯ ಬರ್ಲಿಲ್ಲ."

ಗೆದ್ದವರು ಗೆದ್ದರು, ಸೋತವರು ಸೋತರು. ಎರಡೂ ಕಡೆ ಫಲಿತಾಂಶ ಬಂದು ಹೂಮಾಲೆ ಬಾಡುವ ಮೊದಲೇ ಎರಡೂ ಸರ್ಕಾರಗಳಿಗೆ ತಂತಿಯ ನೆನಪಾಯಿತು. ಯಾರ ಮಾನವೂ ಹೋಗದಂತೆ ದಿನ ಬಿಟ್ಟು ದಿನ ಸರದಿ ಎಂದಾಯಿತು. ಮೊದಲ ದಿನ ಆ ಕಡೆ ಎತ್ತಿದ್ದು ಹೊಸ ದನಿ. ಆಪರೇಟರಮ್ಮ ನಿಯಮ ಮುರಿದು, ಅಣ್ಣ ಎಲ್ಲಿ ಎಂದು ಕೇಳಿದರು.

"ನಿವೃತ್ತಿ ಆಯ್ತು. ಹೆಂಡತಿ ಆಪರೇಷನ್ ಟೇಬಲ್ ಮೇಲೇ ಹೋಗ್ಬಿಟ್ರು," ಎಂದ ಆತ. "ಮಣ್ಣು ಮಾಡಿದ ಮಾರನೇ ದಿನ ಬೆಳಗ್ಗೆ ಇಲ್ಲಿ ಬಂದು ಕೂತಿದ್ರಂತೆ. ತಂಗಿ ಫೋನ್ ಮಾಡ್ತೀನಿ ಅಂದಿದ್ದಾಳೆ, ಅವಳಿಗೆ ನಾನೇ ಹೇಳ್ಬೇಕು ಅಂತ. ಕೊನೇ ದಿನದ ತನಕ ರಜೆ ಹಾಕ್ಲಿಲ್ಲ."

ಅಣ್ಣನ ಮನೆ ಎಲ್ಲಿದೆ ಎಂದು ಆ ಹೊಸಬನಿಗೂ ಗೊತ್ತಿಲ್ಲ, ನಂಬರ್ ಕೊಡುವವರೂ ಇಲ್ಲ. ಇನ್ನೇನು ಆಸೆ ಎಂದು ಕೇಳಿದರೆ ಆಪರೇಟರಮ್ಮ ಬಟ್ಟೆ ತೆಗೆದುಕೊಂಡು ಫೋನನ್ನು ಮತ್ತೊಮ್ಮೆ ಒರೆಸುತ್ತಾರೆ.

"ಅಷ್ಟೂ ದಿನ ಈ ಕಡೆ ನಾನೂ ಕೂತಿದ್ದೆ ಅಂತ ಯಾರಾದ್ರೂ ಅವರಿಗೆ ಹೇಳಿದ್ರೆ ಸಾಕು."