ಸ್ಟಾರ್ ಹ್ಯಾಶ್ ಚಾಚಾ

ಫೋನನ್ನು ಅವರು ಕಿವಿಗೆ ಹಿಡಿಯುತ್ತಿರಲಿಲ್ಲ. ಕೆನ್ನೆಯ ಎಲುಬಿಗೆ ಒತ್ತಿ, ಕಣ್ಣು ಮುಚ್ಚಿ, ಬಾಯಿ ಸ್ವಲ್ಪ ತೆರೆದು ಕೂಡುತ್ತಿದ್ದರು. ಮೊದಲ ಸಲ ನೋಡಿದವರಿಗೆ ಪಾಪ, ಹಲ್ಲುನೋವೇನೋ ಅನ್ನಿಸಬೇಕು. ಎಷ್ಟೋ ವರ್ಷ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡಿ, ಆಮೇಲೆ ಮೊಬೈಲಿಗೆ ಬಂದವರು. ಅಷ್ಟರಲ್ಲಿ ಕಿವಿ ಮಂದವಾಗಿತ್ತು. ಸ್ಪೀಕರಿನ ದನಿಯನ್ನು ಎಲುಬಿನಿಂದಲೇ ಕೇಳುತ್ತಿದ್ದರು. ದನಿ ತಲುಪಿತೆಂದರೆ ಕಣ್ಣು ತೆರೆದು, "ಜೀವ ಐತ್ರಿ ಇದರಾಗ" ಅನ್ನುತ್ತಿದ್ದರು.

ಯಲಬುರ್ಗಾ ಬಸ್ ನಿಲ್ದಾಣದ ಎದುರು, ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ ಅವರ ಜಾಗ. ಅವರು ಕೂತರೆ ಗಿರಾಕಿ ನಿಲ್ಲಬೇಕು, ಅಷ್ಟೇ ಅಗಲ. ಊರಿನವರೆಲ್ಲ ಅವರನ್ನು ಕರೆಯುತ್ತಿದ್ದುದು ಸ್ಟಾರ್ ಹ್ಯಾಶ್ ಚಾಚಾ ಎಂದು. ಯಾವ ಫೋನು ತಂದರೂ ಅವರು ಮೊದಲು ಸ್ಕ್ರೂ ಬಿಚ್ಚುತ್ತಿರಲಿಲ್ಲ. ಕರೆ ಮಾಡುವ ಕಡೆ ಹೋಗಿ ಸ್ಟಾರ್, ಹ್ಯಾಶ್, ಏನೋ ಅಂಕಿ ಒತ್ತುತ್ತಿದ್ದರು. ನಮಗೆ ಗೊತ್ತೇ ಇಲ್ಲದ ಒಂದು ಪರದೆ ಥಟ್ಟನೆ ತೆರೆದುಕೊಳ್ಳುತ್ತಿತ್ತು.

ನಾನು ಅಂಗನವಾಡಿ ಕಾರ್ಯಕರ್ತೆ. ಮಂಗಳೂರಿನ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಕೇಂದ್ರ. ಕಡಲ ಮಂಗಳೂರಲ್ಲ, ನಮ್ಮ ಯಲಬುರ್ಗಾ ಕಡೆಯ ಮಂಗಳೂರು. ಮಕ್ಕಳ ತೂಕ, ಎತ್ತರ ಎಲ್ಲ ಫೋನಿನಲ್ಲೇ ತುಂಬಬೇಕು ಎಂದಾದ ಹೊತ್ತಿಗೇ ನನ್ನ ಫೋನಿನ ಕೆಳಗಿನ ಒಂದು ಪಟ್ಟಿ ಬೆರಳಿಗೆ ಓಗೊಡದೆ ನಿಂತಿತು. 'ಉಳಿಸು' ಅನ್ನುವ ಗುಂಡಿ ಇದ್ದದ್ದು ಅಲ್ಲಿಯೇ. ಇನ್ನೊಂದು ಅಂಗಡಿಯಲ್ಲಿ ಡಿಸ್‌ಪ್ಲೇ ಹೋಗಿದೆ, ಹೊಸದು ಹಾಕಬೇಕು ಎಂದಿದ್ದರು. ಚಾಚಾ ನನ್ನ ಫೋನು ಹಿಡಿದು, "ಅಕ್ಕಾರ, ಒಂದು ಕೋಡ್ ಒತ್ತತೀನಿ. ಇದರಾಗ ಏನೂ ಅಳಿಯಂಗಿಲ್ಲ, ಬರೇ ಪರೀಕ್ಷಾ. ಒತ್ತಲ್ಯಾ?" ಎಂದು ಕೇಳಿದರು. ಹೂಂ ಎಂದೆ.

ಸ್ಟಾರ್, ಹ್ಯಾಶ್, ಸೊನ್ನೆ, ಸ್ಟಾರ್, ಹ್ಯಾಶ್. ಒತ್ತುವಾಗ ಒಂದೊಂದನ್ನೂ ಜೋರಾಗಿ ಹೇಳಿದರು. ಕಿವಿ ಮಂದವಾದ್ದರಿಂದ ದನಿ ದೊಡ್ಡದು; ಕುಷ್ಟಗಿ ಬಸ್ಸಿಗೆ ಕಾಯುತ್ತಿದ್ದವರೂ ತಿರುಗಿ ನೋಡಿದರು. ಪರದೆಯ ತುಂಬ ಸಣ್ಣ ಸಣ್ಣ ಚೌಕ ಮೂಡಿದವು. "ನೀವ ಬೆರಳಾಡಿಸ್ರಿ" ಎಂದರು. ಬೆರಳು ಹೋದ ಕಡೆ ಚೌಕ ಹಸಿರಾಗುತ್ತಾ ಹೋಯಿತು. ಕೆಳಗಿನ ಸಾಲು ಮಾತ್ರ ಬೆಳ್ಳಗೇ ಉಳಿಯಿತು. ಚಾಚಾ ಮೇಲೆ ಅಂಟಿಸಿದ್ದ ಗಾಜಿನ ಹಾಳೆಯನ್ನು ಉಗುರಿನಿಂದ ಎಬ್ಬಿಸಿ ತೆಗೆದು, ಅಂಗಿಯ ತುದಿಯಿಂದ ಒರೆಸಿ, "ಈಗ ಆಡಿಸ್ರಿ" ಎಂದರು. ಎಲ್ಲ ಹಸಿರಾಯಿತು.

"ಫೋನಿಗೆ ಏನೂ ಆಗಿಲ್ರಿ. ಮ್ಯಾಲಿನ ಕಾಜು ಓರಿ ಕೂಡ್ರಿಸ್ಯಾರ. ನಾ ಹೇಳಿದ್ದು ನಂಬಬ್ಯಾಡ್ರಿ, ಫೋನು ಹೇಳಿದ್ದು ನಂಬ್ರಿ."

ಅವರ ಅಂಗಡಿಯ ನೇಮ ಇದೇ ಎಂದು ಆಮೇಲೆ ತಿಳಿಯಿತು. ಪರದೆಯನ್ನು ಸದಾ ಗಿರಾಕಿಯ ಕಡೆಗೆ ತಿರುಗಿಸಿಯೇ ಹಿಡಿಯುತ್ತಿದ್ದರು. ಯಾರ ಲಾಕನ್ನೂ ಕೇಳಿದವರಲ್ಲ. "ನಿಮ್ಮ ಕೀಲಿ, ನೀವ ತೆಗೀರಿ" ಅನ್ನುತ್ತಿದ್ದರು. ಕೈಯಲ್ಲಿದ್ದಾಗ ಏನಾದರೂ ಸಂದೇಶ ಬಂದರೆ ಫೋನನ್ನು ಬೋರಲು ಹಾಕಿ ಸುಮ್ಮನಾಗುತ್ತಿದ್ದರು. ಬಟ್ಟಲಿನಲ್ಲಿ ಸುರುವಿಕೊಂಡ ಚಹಾ ಆರಿದರೂ ಸರಿ, ಒತ್ತುವ ಕೋಡು ಏನು ಮಾಡುತ್ತದೆ ಎಂಬುದನ್ನು ಎದುರಿನವರಿಗೆ ತಿಳಿಸದೆ ಒತ್ತುತ್ತಿರಲಿಲ್ಲ. ಅಷ್ಟೊಂದು ಯಾಕೆ ಜಾಗ್ರತೆ ಎಂದು ನನಗೆ ಗೊತ್ತಾದದ್ದು ನನ್ನ ಕೆಟ್ಟ ದಿನದಂದು.

ಆ ದಿನ ಬೆಳಿಗ್ಗೆ ಮಕ್ಕಳಿಗೆ ಉಪ್ಪಿಟ್ಟು ಬಡಿಸುವಾಗ ಒಬ್ಬನ ಕರೆ ಬಂತು. ಪೇಟೆಯ ನಯವಾದ ಕನ್ನಡ. ನನ್ನ ಹೆಸರಿಗೆ ಪಾರ್ಸೆಲ್ ಬಂದಿದೆ, ವಿಳಾಸ ಸಿಗುತ್ತಿಲ್ಲ, ತಾನು ಹೇಳುವ ಅಂಕಿ ಒತ್ತಿದರೆ ತಂದುಕೊಡುವವನಿಗೆ ನೇರ ಸಿಗುತ್ತೀರಿ ಎಂದ. ಸ್ಟಾರಿನಿಂದ ಶುರುವಾಗಿ, ನಡುವೆ ಒಂದು ಮೊಬೈಲ್ ನಂಬರು ಬಂದು, ಹ್ಯಾಶಿನಿಂದ ಮುಗಿಯುವ ಕೋಡು. ಬೇರೆಯವರಾಗಿದ್ದರೆ ಅನುಮಾನ ಪಡುತ್ತಿದ್ದರೇನೋ. ನನಗೆ ಸ್ಟಾರ್ ಹ್ಯಾಶ್ ಅಂದರೆ ಒಳ್ಳೆಯದೇ ಅನ್ನುವ ಭರವಸೆ. ಒತ್ತಿದೆ.

ಆಮೇಲೆ ಯಾರ ಕರೆಯೂ ಬರಲಿಲ್ಲ. ವಾಟ್ಸಾಪ್ ತನ್ನಷ್ಟಕ್ಕೆ ಮುಚ್ಚಿಕೊಂಡಿತು. ನೆಟ್‌ವರ್ಕ್ ಇಲ್ಲವೇನೋ ಎಂದುಕೊಂಡೆ. ಮಧ್ಯಾಹ್ನ ಟಂಟಂ ಆಟೋ ಓಡಿಸುವ ನನ್ನ ಗಂಡ ಬಾಡಿಗೆ ಬಿಟ್ಟು ಅಂಗನವಾಡಿಗೇ ಬಂದು ಬಾಗಿಲಲ್ಲಿ ನಿಂತ. ಮುಖ ಕೆಂಪಾಗಿತ್ತು.

"ನಿನ್ನ ಫೋನು ಎಲ್ಲೈತಿ?"

"ಇಲ್ಲೇ ಐತಲ್ಲ."

"ಮತ್ತ ಮೂರು ಸಲ ಹಚ್ಚಿದ್ರ ಯಾವನೋ ಗಂಡಸು ಎತ್ತತಾನ. ಯಾರಂವಾ?"

ಸಹಾಯಕಿ ಪಾತ್ರೆ ತೊಳೆಯುವುದನ್ನು ನಿಲ್ಲಿಸಿದಳು. ಫೋನು ನನ್ನ ಕೈಯಲ್ಲೇ ಇದೆ, ಆದರೂ ಅದನ್ನು ಯಾರೋ ಎತ್ತಿದ್ದಾರೆ. ಹದಿನಾಲ್ಕು ವರ್ಷ ಒಟ್ಟಿಗೆ ಬಾಳಿದ ಮನುಷ್ಯ ನನ್ನ ಮುಖವನ್ನು ಪರಕೀಯನಂತೆ ನೋಡುತ್ತಿದ್ದ. "ಚಾಚಾರ ಹತ್ರ ಹೋಗೂಣು ನಡೀರಿ" ಎಂದೆ. ಬೇರೇನೂ ತೋಚಲಿಲ್ಲ. ಯಲಬುರ್ಗಾದವರೆಗೆ ಟಂಟಂನಲ್ಲಿ ಅವನ ಹಿಂದೆ ಕೂತೆ.

ಚಾಚಾ ಪೂರಾ ಕೇಳಿದರು. ಅಂದು ಅವರ ದನಿ ಮೊದಲ ಸಲ ಸಣ್ಣದಾಗಿತ್ತು. "ಕರೆ ಎಲ್ಲಿಗೆ ಹೊಂಟಾವ ಅಂತ ಕೇಳೂ ಕೋಡ್ ಐತಿ. ಒತ್ತಲ್ಯಾ?" ಎಂದು ನನ್ನನ್ನು ಕೇಳಿ, ಸ್ಟಾರ್, ಹ್ಯಾಶ್, ಇಪ್ಪತ್ತೊಂದು, ಹ್ಯಾಶ್ ಒತ್ತಿದರು. ಪರದೆಯನ್ನು ನನ್ನ ಕಡೆಗೂ ಅಲ್ಲ, ತಮ್ಮ ಕಡೆಗೂ ಅಲ್ಲ, ನನ್ನ ಗಂಡನ ಕಡೆಗೆ ತಿರುಗಿಸಿದರು.

"ನೀವ ಓದ್ರಿ, ತಮ್ಮಾ."

ಅವನು ಅಕ್ಷರ ಕೂಡಿಸಿ ಓದಿದ. ನನಗೆ ಬರುವ ಕರೆಗಳೆಲ್ಲ ಬೇರೆ ನಂಬರಿಗೆ ಹೋಗುತ್ತಿವೆ ಎಂದಿತ್ತು. ಆ ನಂಬರೂ ಇತ್ತು. ಚಾಚಾ ಮೋಸದ ಬಗೆಯನ್ನು ಬಿಡಿಸಿ ಹೇಳಿದರು: ಬೆಳಿಗ್ಗೆ ನಾನು ಒತ್ತಿದ ಕೋಡಿನಿಂದ ನನ್ನ ಕರೆಗಳು ಆ ಪಾರ್ಸೆಲ್ ಎಂದವನಿಗೆ ತಿರುಗಿವೆ, ವಾಟ್ಸಾಪಿನವರು ಕರೆ ಮಾಡಿ ಹೇಳುವ ಗುಪ್ತ ಅಂಕಿಯನ್ನೂ ಅವನೇ ಕೇಳಿಸಿಕೊಂಡಿದ್ದಾನೆ, ಈಗ ನನ್ನ ಹೆಸರಿನಲ್ಲಿ ಕೂತಿದ್ದಾನೆ. ನನ್ನ ಗಂಡ "ನಂದು ತಪ್ಪಾತು" ಎಂದ, ನನ್ನ ಚಪ್ಪಲಿ ನೋಡುತ್ತಾ.

ಹ್ಯಾಶ್, ಹ್ಯಾಶ್, ಸೊನ್ನೆ, ಸೊನ್ನೆ, ಎರಡು, ಹ್ಯಾಶ್. ಏನು ಅಳಿಯುತ್ತದೆಂದು ಹೇಳಿ, ನನ್ನನ್ನು ಕೇಳಿಯೇ ಚಾಚಾ ಒತ್ತಿದರು. ಕರೆ ತಿರುಗಿಸಿದ್ದೆಲ್ಲ ಅಳಿಯಿತು. ಆ ಘಳಿಗೆಗೇ ಒಬ್ಬ ತಾಯಿಯ ಕರೆ ಬಂತು: "ಅಕ್ಕಾರ, ಕೂಸಿನ ರೊಕ್ಕ ಬರತೈತಿ, ಫೋನಿಗೆ ಬಂದ ನಂಬರ್ ಕಳಸು ಅಂತ ಹಾಕೀರಲ್ಲ, ಯಾ ನಂಬರ್ರಿ?"

ತಾಯಂದಿರ ವಾಟ್ಸಾಪ್ ಗುಂಪಿಗೆ ಅವನು ನನ್ನ ಹೆಸರಿನಲ್ಲಿ ಬರೆದಿದ್ದ. ನಲವತ್ತಕ್ಕೂ ಹೆಚ್ಚು ತಾಯಂದಿರು. ನಾನು ಮೋಸಹೋದೆ ಎಂದು ಅವರಿಗೆ ಯಾವ ಬಾಯಲ್ಲಿ ಹೇಳಲಿ ಎಂದು ಅಳತೊಡಗಿದೆ.

"ಮೊದ್ಲ ಅವರಿಗೆ ಹೇಳ್ರಿ. ನಿಮ್ಮ ಮರ್ಯಾದಿ ಆಮ್ಯಾಲ ನೋಡೂಣು" ಎಂದರು ಚಾಚಾ. ಆಮೇಲೆ ಮೆಲ್ಲಗೆ ತಮ್ಮ ಕಥೆ ಹೇಳಿದರು.

ಮೊಬೈಲಿಗೆ ಬಂದ ಹೊಸದರಲ್ಲಿ ಇರಕಲ್ಲಗಡದ ಒಬ್ಬ ಹೆಣ್ಣುಮಗಳು ಆಗಾಗ ನಿಂತುಬಿಡುತ್ತಿದ್ದ ಫೋನು ತಂದಿದ್ದಳಂತೆ. ಗಂಗಾವತಿಯಲ್ಲಿ ಯಾರೋ ಹೇಳಿಕೊಟ್ಟ ಕೋಡನ್ನು ಇವರು ಹುರುಪಿನಿಂದ ಒತ್ತಿದರು. ಅದು ಹೌದೋ ಅಲ್ಲವೋ ಎಂದು ಕೇಳಲೂ ಇಲ್ಲ, ಫೋನನ್ನು ಪೂರಾ ಬರಿದು ಮಾಡಿಬಿಟ್ಟಿತು. ಆ ವರ್ಷವೇ ತೀರಿಹೋದ ಅವಳ ತಾಯಿ ಹಾಡಿದ ಬೀಸುವ ಪದಗಳು ಅದರಲ್ಲಿದ್ದವು.

"ಬೈಲಿಲ್ರಿ ಅಕಿ. 'ನಮ್ಮವ್ವನ ಹಾಡು?' ಅಂತ ಅಷ್ಟ ಕೇಳಿದ್ಲು. ಕೊಪ್ಪಳ, ಗಂಗಾವತಿ ಎಲ್ಲಾ ತಿರುಗಿದ್ನಿ. ವಾಪಸ್ ಬರ್ಲಿಲ್ಲ. ಆಮ್ಯಾಲ ಅವರ ಮನಿಗೆ ಹೋಗಿ, ತಪ್ಪು ನಂದು, ನಿಮ್ಮ ಫೋನಿಂದಲ್ಲ ಅಂತ ಹೇಳಿ ಬಂದ್ನಿ. ಮಜ್ಜಿಗಿ ಕೊಟ್ಲು. ಹೇಳದಿದ್ರ ನಾ ಈ ಕೆಲಸಾನ ಬಿಡ್ತಿದ್ನಿ. ಹೇಳ್ರಿ ಅಕ್ಕಾರ."

ನಾನು ಕಣ್ಣೊರೆಸಿಕೊಂಡು ನಂಬರುಗಳ ಪಟ್ಟಿ ತೆಗೆದೆ. ನಾನೊಂದು ಫೋನು, ನನ್ನ ಗಂಡನೊಂದು, ಚಾಚಾ ಒಂದು. ಮೂವರೂ ಹಂಚಿಕೊಂಡು ಕರೆ ಮಾಡಿದೆವು. ಕೇಳಿಸದ ಆ ಮನುಷ್ಯ ಫೋನನ್ನು ಕೆನ್ನೆಗೆ ಒತ್ತಿಕೊಂಡು, "ಯವ್ವಾ, ಯಾವ ನಂಬರೂ ಯಾರಿಗೂ ಕಳಸಬ್ಯಾಡ್ರಿ" ಎಂದು ಇಡೀ ಬಸ್ ನಿಲ್ದಾಣಕ್ಕೆ ಕೇಳುವಂತೆ ಕೂಗಿದರು. ಆ ಮಧ್ಯಾಹ್ನ ಅವರ ಅಂಗಡಿಗೆ ಬಂದವರೆಲ್ಲ ಮರಳಿ ಹೋದರು. ಇಬ್ಬರು ತಾಯಂದಿರು ಆಗಲೇ ಅಂಕಿ ಕಳಿಸಿಬಿಟ್ಟಿದ್ದರು. ಅವರನ್ನು ಕರೆದುಕೊಂಡು ನನ್ನ ಗಂಡ ಬ್ಯಾಂಕಿಗೆ ಓಡಿದ. ಮೋಸಗಾರ ಅವರ ಖಾತೆಗಳಿಗೆ ಕೈ ಹಾಕುವ ಮೊದಲೇ ಅವನ್ನು ತಡೆಹಿಡಿಸಿದ. ಚಾಚಾ ನನ್ನ ವಾಟ್ಸಾಪನ್ನು ಅವನ ಕೈಯಿಂದ ಬಿಡಿಸಿಕೊಟ್ಟರು, ನಾನು ಪೊಲೀಸರಿಗೆ ದೂರು ಕೊಟ್ಟೆ. ಸಂಜೆಯ ಹೊತ್ತಿಗೆ ದನಿ ಒಡೆದಿತ್ತು, ಎದೆ ಮಾತ್ರ ಹಗುರಾಗಿತ್ತು. ತಾಯಂದಿರಲ್ಲಿ ಒಬ್ಬರೂ ನನ್ನನ್ನು ಆಡಿಕೊಳ್ಳಲಿಲ್ಲ.

ಕಳೆದ ವರ್ಷ ಚಾಚಾರಿಗೆ ಹೃದಯದ ತೊಂದರೆ ಕಾಣಿಸಿತು. ಅಂಗಡಿಗೆ ಬರುವುದು ನಿಂತಿತು. ನಾನು ಅವರ ಮನೆಗೆ ಹೋದಾಗ ಗೋಡೆಗೆ ದಿಂಬು ಇಟ್ಟು ಒರಗಿದ್ದರು. ತಾಯಂದಿರ ಸಭೆಯಲ್ಲಿ ಆ ಕೋಡುಗಳ ವಿಷಯ ಹೇಳುತ್ತಿದ್ದೇನೆ ಎಂದು ಹೆಮ್ಮೆಯಿಂದ ತಿಳಿಸಿದೆ. ಎರಡು ಸಲ ಹೇಳಬೇಕಾಯಿತು. ಕೇಳಿಸಿದ ಮೇಲೆ ತಲೆ ಅಲ್ಲಾಡಿಸಿದರು.

"ಬರೇ ಹೇಳಬ್ಯಾಡ್ರಿ ಅಕ್ಕಾರ. ಅವರ ಕೈಲೇ ಒತ್ತಸ್ರಿ. ಅವರ ಬಾಯಿಲೇ ಓದಸ್ರಿ."

ರಂಜಾನ್ ಮುಗಿದ ಮರುವಾರ ತೀರಿಕೊಂಡರು. ಸುದ್ದಿ ತಂದವನು ನನ್ನ ಗಂಡ. ಮಣ್ಣಿಗೆ ಅವನೂ ಹೋಗಿಬಂದ.

ಈಗ ತಿಂಗಳಿಗೊಮ್ಮೆ ಮಕ್ಕಳ ತೂಕ ಮಾಡಿದ ಮೇಲೆ ತಾಯಂದಿರನ್ನು ಸಾಲಾಗಿ ಕೂಡಿಸುತ್ತೇನೆ. ಏನು ಒತ್ತುತ್ತೇವೆ, ಒತ್ತಿದರೆ ಏನಾಗುತ್ತದೆ ಎಂದು ಮೊದಲು ಹೇಳುತ್ತೇನೆ. ಮೊನ್ನೆ ಬಾಣಂತನ ಮುಗಿಸಿ ಬಂದ ಒಬ್ಬ ಹುಡುಗಿ ಹಿಂದೆ ಕೂತಿದ್ದಳು. ಫೋನು ಗಂಡ ಕೊಡಿಸಿದ್ದು, ಒತ್ತಿದರೆ ಏನಾದರೂ ಆದೀತು ಎಂದು ಕೈ ಹಿಂದಕ್ಕೆಳೆದಳು. ನಾನು ಕಾದೆ. ಅವಳು ಕೂಸನ್ನು ಪಕ್ಕದವಳ ತೊಡೆಗೆ ಕೊಟ್ಟು, ಸೀರೆಗೆ ಬೆರಳು ಒರೆಸಿಕೊಂಡು, ಸ್ಟಾರ್, ಹ್ಯಾಶ್, ಇಪ್ಪತ್ತೊಂದು, ಹ್ಯಾಶ್ ಎಂದು ಒಂದೊಂದೇ ಒತ್ತಿದಳು. ಪರದೆ ಬಂತು. ತಡವರಿಸುತ್ತಾ ಕೊನೆಯವರೆಗೂ ತಾನೇ ಓದಿದಳು.

"ಯಾರಿಗೂ ಹೋಗಾಕತ್ತಿಲ್ರಿ ಅಕ್ಕಾರ" ಎಂದಳು. "ನನಗ ಬರತಾವ."